ಗಿಣಿಗೇರಾದ ಆನ್‌ಲೈನ್ ಅಂಗಡಿಗೆ ಬೇಕು ಒಂದು ಜರಡಿ

ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದವರು ಪಿಎಫ್ ನೋಡಿಸಲು ಬರುತ್ತಾರೆ. ರೈತರು ಪಹಣಿ ತೆಗೆಸಲು, ಪಿಎಂ ಕಿಸಾನ್ ಇ-ಕೆವೈಸಿ ಮಾಡಿಸಲು ಬರುತ್ತಾರೆ. ಕಾಲೇಜು ಹುಡುಗಿಯರ ಕೈಯಲ್ಲಿ ಸ್ಕಾಲರ್‌ಶಿಪ್ ಅರ್ಜಿ. ಮಹಬೂಬ್‌ನಗರದ ಕಡೆಗೆ ರೈಲು ಹಳಿ ಕವಲೊಡೆಯುವ ಗಿಣಿಗೇರಾದಂಥ ಊರಿನಲ್ಲಿ, ಆನ್‌ಲೈನ್ ಅಂಗಡಿಯ ಒಂದೇ ಕಂಪ್ಯೂಟರ್ ಎಷ್ಟೋ ಮನೆಗಳ ಆಧಾರ್, ಪಾಸ್‌ಬುಕ್ಕು, ಒಟಿಪಿಗಳನ್ನು ಕಾಣುತ್ತದೆ. ಕೌಂಟರಿನ ಈಚೆ ಮೊಬೈಲ್ ಚಾಚಿ, ‘ಅಣ್ಣಾರ, ಇದನ್ನ ಒತ್ತಿದ್ರ ನಡಿತೈತೇನ್ರಿ?’ ಎಂದು ಕೇಳುವವರೂ ಇರುತ್ತಾರೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದು ಇಡೀ ಊರಿನ ದುಡ್ಡಿನ ವಿಷಯ.

ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ನೆನಪಿಸಿಕೊಳ್ಳಿ. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೆ ಹೊಸ ಪ್ಲೇಟ್ ಕಡ್ಡಾಯವಾಯಿತು. ರಾಜ್ಯ ಸರ್ಕಾರ ಕೊಟ್ಟ ಮೊದಲ ಗಡುವು 2023ರ ನವೆಂಬರ್ 17. ದಂಡದ ಹೆದರಿಕೆಯಲ್ಲಿ ಜನ ಗೂಗಲ್‌ನಲ್ಲಿ ಹುಡುಕಿದರು, ನಕಲಿ ಲಿಂಕುಗಳು ಕಾದು ಕುಳಿತಿದ್ದವು. ಅವುಗಳಿಗೆ ಬಲಿಯಾಗಬೇಡಿ ಎಂದು ಎಚ್ಚರಿಸಬೇಕಾಗಿ ಬಂತು. ಗಡುವು ಎಲ್ಲಿದೆಯೋ ಅಲ್ಲಿ ವಂಚಕರಿಗೆ ಸುಗ್ಗಿ.

ಇಂಥ ತಾಣಗಳನ್ನು ಬ್ರೌಸರ್ ತಡೆಯುವುದಿಲ್ಲವೇ? ತಡೆಯುತ್ತದೆ, ಗೊತ್ತಾದ ಮೇಲೆ. 2007ರಿಂದ ನಡೆಯುತ್ತಿರುವ ಗೂಗಲ್ ಸೇಫ್ ಬ್ರೌಸಿಂಗ್ ಅಪಾಯಕಾರಿ ತಾಣಗಳ ಪಟ್ಟಿ ಇಟ್ಟಿರುತ್ತದೆ. ಅಂಥದ್ದಕ್ಕೆ ಕಾಲಿಟ್ಟರೆ ಪರದೆ ಕೆಂಪಾಗುತ್ತದೆ. ಆದರೆ ಕಂಪ್ಯೂಟರಿಗೆ ಆ ಪಟ್ಟಿ ಬರುತ್ತಿದ್ದುದು 30ರಿಂದ 60 ನಿಮಿಷಕ್ಕೊಮ್ಮೆ. ದುರುದ್ದೇಶದ ತಾಣದ ಸರಾಸರಿ ಆಯಸ್ಸು 10 ನಿಮಿಷಕ್ಕಿಂತ ಕಡಿಮೆ ಎಂದು ಗೂಗಲ್ ತಾನೇ 2024ರ ಮಾರ್ಚ್‌ನಲ್ಲಿ ಹೇಳಿ, ಆ ಕ್ಷಣದಲ್ಲೇ ಪರಿಶೀಲಿಸುವ ವ್ಯವಸ್ಥೆಯನ್ನು ಕ್ರೋಮ್‌ಗೆ ತಂದಿತು. ಹಳೆಯ ಯಂತ್ರಗಳಿಗೆ ಈ ಭಾಗ್ಯವಿಲ್ಲ. ವಿಂಡೋಸ್ 7ಕ್ಕೆ ಸಿಕ್ಕ ಕೊನೆಯ ಕ್ರೋಮ್ 109ನೇ ಆವೃತ್ತಿ. ಇನ್ನೂ ಅದರಲ್ಲೇ ಊರವರ ಬ್ಯಾಂಕ್ ಕೆಲಸ ಮಾಡುವ ಅಂಗಡಿಯವರು ಮೊದಲು ಯಂತ್ರ ಬದಲಿಸಲಿ ಎಂದು ನಾನು ಬೇಡಿಕೊಳ್ಳುತ್ತೇನೆ.

ತಾಣಗಳಿಗೆ ಅಂಕ ಕೊಡುವ ಎಕ್ಸ್‌ಟೆನ್ಶನ್‌ಗಳೂ ಇವೆ. ಆದರೆ ಅವುಗಳಲ್ಲೊಂದಾದ ‘ವೆಬ್ ಆಫ್ ಟ್ರಸ್ಟ್’ ಬಳಕೆದಾರರ ಓಡಾಟದ ಮಾಹಿತಿಯನ್ನೇ ಬೇರೆಯವರಿಗೆ ಕೊಡುತ್ತಿತ್ತೆಂದು 2016ರಲ್ಲಿ ಜರ್ಮನಿಯ ಎನ್‌ಡಿಆರ್ ವಾಹಿನಿ ಬಯಲಿಗೆಳೆಯಿತು. ಸಿಕ್ಕ ಸಿಕ್ಕ ಕಾವಲುಗಾರನನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು.

ತಾಣದ ವಿಳಾಸದ ಪಕ್ಕ ಕಾಣುವ ಬೀಗದ ಚಿತ್ರವನ್ನೂ ನಂಬಬೇಡಿ. ಮಾಹಿತಿ ಗುಟ್ಟಾಗಿ ಸಾಗುತ್ತದೆ ಎಂದಷ್ಟೇ ಅದರ ಅರ್ಥ. ಕಳ್ಳನ ತಾಣಕ್ಕೂ ಅದು ಸಿಗುತ್ತದೆ. ಹಾಗೆಂದೇ ಕ್ರೋಮ್ 2023ರಲ್ಲಿ ಆ ಚಿತ್ರವನ್ನು ಕೈಬಿಟ್ಟಿತು. ನೋಡಬೇಕಾದ್ದು ವಿಳಾಸದ ಬಾಲ. ‘//’ ಆದ ಮೇಲೆ ಬರುವ ಮೊದಲ ಓರೆಗೆರೆಗೆ ಸರಿಯಾಗಿ ಮುಂಚೆ ‘ಡಾಟ್ ಜಿಒವಿ ಡಾಟ್ ಇನ್’ ಇದ್ದರೆ ಸರ್ಕಾರದ್ದು. ಹೆಸರಿನ ನಡುವೆ ‘ಕರ್ನಾಟಕ’, ‘ಸೇವಾ’ ಎಂದೆಲ್ಲ ತುರುಕಿ ಕೊನೆಗೆ ಬರೀ ‘ಡಾಟ್ ಕಾಮ್’ ಇದ್ದರೆ ಕೈ ಹಿಂದೆಗೆಯಿರಿ. ಬ್ಯಾಂಕುಗಳಂತೂ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು.

ಇನ್ನು ಜರಡಿಯ ವಿಷಯ. ತಾಣದ ಹೆಸರು ಟೈಪ್ ಮಾಡಿದಾಗ ಅದರ ಅಂಕಿ ವಿಳಾಸವನ್ನು ಹುಡುಕಿಕೊಡುವುದು ಡಿಎನ್‌ಎಸ್. ಈ ಕೆಲಸವನ್ನು ಸೋಸುವ ಸೇವೆಗೆ ವಹಿಸಿದರೆ, ಅದು ಕೆಟ್ಟ ತಾಣದ ವಿಳಾಸವನ್ನೇ ಕೊಡುವುದಿಲ್ಲ. ಕ್ವಾಡ್9 ಸೇವೆಯ 9.9.9.9 ವಂಚನೆ ಮತ್ತು ವೈರಸ್ ತಾಣಗಳನ್ನು ತಡೆಯುತ್ತದೆ. ಕ್ಲೌಡ್‌ಫ್ಲೇರ್‌ನ 1.1.1.3 ಅಶ್ಲೀಲ ತಾಣಗಳನ್ನೂ ಸೇರಿಸಿ ತಡೆಯುತ್ತದೆ. ಎರಡೂ ಪುಕ್ಕಟೆ. ರೌಟರ್‌ನಲ್ಲಿ ಒಮ್ಮೆ ಹಾಕಿದರೆ ಆ ವೈಫೈಗೆ ಸೇರಿದ ಯಂತ್ರಗಳಿಗೆಲ್ಲ ಸಾಕು. ಆಂಡ್ರಾಯ್ಡ್ ಫೋನಿನಲ್ಲಾದರೆ ಸೆಟ್ಟಿಂಗ್ಸ್‌ನ ‘ಪ್ರೈವೇಟ್ ಡಿಎನ್‌ಎಸ್’ನಲ್ಲಿ ‘ಡಿಎನ್‌ಎಸ್ ಡಾಟ್ ಕ್ವಾಡ್9 ಡಾಟ್ ನೆಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಸೇವ್ ಒತ್ತಿದರೆ ಮುಗಿಯಿತು.

ಈ ಜರಡಿಗೂ ಸಿಗದ ಕಾಳುಗಳಿವೆ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂದು ಬರುವ ಎಪಿಕೆ ಫೈಲು, ಅಂದರೆ ವೇಷ ಮರೆಸಿದ ಆ್ಯಪ್, ನೇರವಾಗಿ ಕೈಗೇ ಬಂದು ಬೀಳುತ್ತದೆ. ಅದನ್ನು ತೆರೆಯದಿರುವುದೊಂದೇ ದಾರಿ. ಹಣ ಹೋಗೇಬಿಟ್ಟರೆ ನಾಚಿಕೊಂಡು ಮುಚ್ಚಿಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ವಂಚಕರ ಖಾತೆಯಲ್ಲಿ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ, ಮಕ್ಕಳು ಕಂಪ್ಯೂಟರ್ ಮುಂದೆ ಕೂರುವ ಕಾಲವಿದು. ನನ್ನ ಕೇಳಿಕೆ ಇಷ್ಟೇ: ಕೊಪ್ಪಳ ಜಿಲ್ಲೆಯ ಅರಿವು ಕೇಂದ್ರಗಳ ರೌಟರ್‌ಗಳಲ್ಲಿ ಪಂಚಾಯಿತಿಗಳು 1.1.1.3 ಹಾಕಿಸಲಿ, ಆನ್‌ಲೈನ್ ಅಂಗಡಿಯವರು 9.9.9.9 ಹಾಕಿಕೊಳ್ಳಲಿ. ಹತ್ತು ನಿಮಿಷದ ಕೆಲಸ, ಟೆಂಡರ್ ಬೇಕಿಲ್ಲ.