ಬೂದಿ ಮುಚ್ಚಿದ ಕೆಂಡದ ಲೆಕ್ಕ

ಕನ್ನಡದ ‘ಕಲ್ಲಿದ್ದಲು’, ಮರಾಠಿಯ ‘ದಗಡೀ ಕೋಳಸಾ’ ಎಂಬ ಎರಡು ಪದಗಳ ಅರ್ಥ ಒಂದೇ: ಕಲ್ಲಿನಂತಹ ಇದ್ದಲು. ಕಟ್ಟಿಗೆಯ ಇದ್ದಲಿಗೂ ನೆಲದಿಂದ ಅಗೆದು ತೆಗೆದ ಇದ್ದಲಿಗೂ ಇರುವ ಬಾಂಧವ್ಯವನ್ನು ಎರಡೂ ಭಾಷೆಗಳು ಗುರುತಿಸಿವೆ. ಇವೆರಡರ ದಹನವನ್ನು ಆಳುವ ನಿಯಮವೂ ಒಂದೇ. ಅದನ್ನು ಅರಿಯುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಮನೆಯೊಳಗೆ ಕೆಂಡವಿಡುವ ಎಲ್ಲರಿಗೂ ಅಗತ್ಯವಾಗಿದೆ.

ಕಲ್ಲಿದ್ದಲಿನ ತೂಕವೆಲ್ಲ ಶಾಖವಾಗುವುದಿಲ್ಲ. ಆದ್ದರಿಂದ ಪ್ರಯೋಗಾಲಯದಲ್ಲಿ ಅದರ ನುಣ್ಣನೆಯ ಪುಡಿಯನ್ನು ಒಂದೊಂದು ಗ್ರಾಮಿನಷ್ಟು ತೆಗೆದುಕೊಂಡು ಮೂರು ಪರೀಕ್ಷೆಗಳನ್ನು ಮಾಡುತ್ತಾರೆ. ಸುಮಾರು 108 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿದಾಗ ಕಡಿಮೆಯಾಗುವ ತೂಕವೇ ತೇವಾಂಶ. ಮುಚ್ಚಳವಿರುವ ಮೂಸೆಯಲ್ಲಿ 900 ಡಿಗ್ರಿಗೆ ಏಳು ನಿಮಿಷ ಕಾಯಿಸಿದಾಗ ಕಡಿಮೆಯಾಗುವ ತೂಕದಿಂದ ತೇವಾಂಶವನ್ನು ಕಳೆದರೆ ಆವಿಯಾಗುವ ಪದಾರ್ಥ ದೊರೆಯುತ್ತದೆ. ಗಾಳಿಯಾಡುವಂತೆ 815 ಡಿಗ್ರಿಯಲ್ಲಿ ಪೂರ್ತಿ ಸುಟ್ಟ ಮೇಲೆ ಉಳಿಯುವುದು ಬೂದಿ. ಈ ಮೂರನ್ನೂ ನೂರರಿಂದ ಕಳೆದಾಗ ಸಿಗುವುದೇ ಸ್ಥಿರ ಇಂಗಾಲ. ಅದನ್ನು ಯಾರೂ ನೇರವಾಗಿ ತೂಗುವುದಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನೂರು ಭಾಗ ಕಲ್ಲಿದ್ದಲಿನಲ್ಲಿ ತೇವಾಂಶ 10, ಬೂದಿ 35, ಆವಿಯಾಗುವ ಪದಾರ್ಥ 25 ಇದ್ದರೆ ಸ್ಥಿರ ಇಂಗಾಲ 30. ತೇವಾಂಶ ಮತ್ತು ಬೂದಿಗಳನ್ನು ಬಿಟ್ಟು ಉಳಿದ 55 ಭಾಗವನ್ನು ಮೂಲಧಾತುಗಳಾಗಿ ವಿಂಗಡಿಸಿದಾಗ ಇಂಗಾಲ 42, ಜಲಜನಕ 3, ಆಮ್ಲಜನಕ 8, ಸಾರಜನಕ 1.5, ಗಂಧಕ 0.5 ಎಂದಿರಲಿ. ಒಟ್ಟು ಇಂಗಾಲವು ಸ್ಥಿರ ಇಂಗಾಲಕ್ಕಿಂತ ಹೆಚ್ಚಾಗಿರುವುದಕ್ಕೆ ಕಾರಣವಿದೆ: ಅದರ ಒಂದು ಪಾಲು ಆವಿಯ ಜೊತೆ ಹೊರಟುಹೋಗಿರುತ್ತದೆ.

ಈಗ ಗಾಳಿಯ ಲೆಕ್ಕ. 12 ಗ್ರಾಂ ಇಂಗಾಲ ಪೂರ್ತಿ ಉರಿಯಲು 32 ಗ್ರಾಂ ಆಮ್ಲಜನಕ ಬೇಕು. ಆದ್ದರಿಂದ ಒಂದು ಕಿಲೋ ಕಲ್ಲಿದ್ದಲಿನಲ್ಲಿರುವ 0.42 ಕಿಲೋ ಇಂಗಾಲಕ್ಕೆ 1.12 ಕಿಲೋ ಆಮ್ಲಜನಕ ಬೇಕಾಗುತ್ತದೆ. ಜಲಜನಕಕ್ಕೆ ತನ್ನ ಎಂಟು ಪಟ್ಟು ತೂಕದ ಆಮ್ಲಜನಕ ಬೇಕು. ಆದರೆ ಕಲ್ಲಿದ್ದಲಿನೊಳಗೇ ಇರುವ 0.08 ಕಿಲೋ ಆಮ್ಲಜನಕಕ್ಕೆ 0.01 ಕಿಲೋ ಜಲಜನಕ ಸಂದಿತೆಂದು ಎಣಿಸಿ ಉಳಿದ 0.02 ಕಿಲೋಗೆ 0.16 ಕಿಲೋ ಕೂಡಿಸಬೇಕು. ಗಂಧಕದ ಪಾಲು 0.005. ಒಟ್ಟು ಸುಮಾರು 1.29 ಕಿಲೋ. ಗಾಳಿಯ ತೂಕದಲ್ಲಿ ಆಮ್ಲಜನಕ ಸುಮಾರು ಶೇ. 23 ಮಾತ್ರವಾದ್ದರಿಂದ ಬೇಕಾದ ಗಾಳಿ 5.6 ಕಿಲೋ, ಅಂದರೆ ಸುಮಾರು 4,700 ಲೀಟರ್. ಹದಿನೈದು ಲೀಟರಿನ ಕೊಡದಿಂದ ಅಳೆದರೆ ಮುನ್ನೂರಕ್ಕೂ ಹೆಚ್ಚು ಕೊಡ! ನಾವು ಹಣ ಕೊಟ್ಟು ಕೊಳ್ಳುವುದು ಒಂದು ಕಿಲೋ ಇಂಧನವನ್ನು. ಬೆಂಕಿ ಬಳಸಿಕೊಳ್ಳುವುದು ಅದರ ಐದು ಪಟ್ಟಿಗೂ ಮಿಗಿಲಾದ ತೂಕದ ಗಾಳಿಯನ್ನು.

ಆ ಗಾಳಿ ಕಡಿಮೆಬಿದ್ದರೆ ನಷ್ಟ ಎರಡು ಬಗೆಯದು. ಪೂರ್ಣ ದಹನದಲ್ಲಿ 12 ಗ್ರಾಂ ಇಂಗಾಲವು ಇಂಗಾಲದ ಡೈಆಕ್ಸೈಡ್ ಆಗಿ ಸುಮಾರು 94 ಕಿಲೋಕ್ಯಾಲರಿ ಶಾಖವನ್ನು ಕೊಡುತ್ತದೆ. ಅಪೂರ್ಣ ದಹನದಲ್ಲಿ ಅದು ಇಂಗಾಲದ ಮೊನಾಕ್ಸೈಡ್ ಆಗುತ್ತದೆ. ಆಗ ದೊರೆಯುವ ಶಾಖ ಕೇವಲ 26 ಕಿಲೋಕ್ಯಾಲರಿ. ಶಾಖದ ಈ ನಷ್ಟವನ್ನು ಸಹಿಸಬಹುದು. ಎರಡನೆಯದು ಪ್ರಾಣದ ನಷ್ಟ. ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ.

ನಮ್ಮ ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಬಾಣಂತಿ ಮತ್ತು ಕೂಸಿಗೆ ಶಾಖ ಕೊಡಲು ಶೆಗಡಿಯಲ್ಲಿ ಕೆಂಡವಿಡುವ ರೂಢಿಯಿದೆ. ಗಾಳಿ ತಾಗಬಾರದೆಂದು ಬಾಗಿಲು, ಕಿಟಕಿ ಮುಚ್ಚುವುದೂ ಇದೆ. ಹತ್ತು ಅಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಹಿಡಿಸುವ ಗಾಳಿ ಸುಮಾರು 28,000 ಲೀಟರ್. ಶೇ. 80 ಇಂಗಾಲವಿರುವ ಒಂದು ಕಿಲೋ ಇದ್ದಲು ಪೂರ್ತಿ ಉರಿಯಲು ಅದರ ಇಂಗಾಲವೊಂದಕ್ಕೇ ಸುಮಾರು 7,700 ಲೀಟರ್ ಗಾಳಿಯ ಆಮ್ಲಜನಕ ಬೇಕು. ಅಂದರೆ ಕೋಣೆಯ ಆಮ್ಲಜನಕದಲ್ಲಿ ಕಾಲುಭಾಗಕ್ಕೂ ಹೆಚ್ಚು! ಆದರೆ ಅಪಾಯ ಅಲ್ಲಿಯವರೆಗೆ ಕಾಯುವುದಿಲ್ಲ. ಕೆಂಡದ ರಾಶಿಯ ಅಡಿಯಲ್ಲಿ ಹುಟ್ಟಿದ ಡೈಆಕ್ಸೈಡ್ ಮೇಲಿನ ಕಾದ ಇಂಗಾಲವನ್ನು ಹಾಯ್ದು ಬರುವಾಗ ಮೊನಾಕ್ಸೈಡಾಗಿ ಮಾರ್ಪಡುತ್ತದೆ. ಆದುದರಿಂದ ಕೆಂಡವು ಮೊದಲಿನಿಂದಲೇ ಈ ವಿಷವನ್ನು ಹೊರಸೂಸುತ್ತಿರುತ್ತದೆ.

‘ಬೂದಿ ಮುಚ್ಚಿದ ಕೆಂಡ’ ಎಂಬ ನಮ್ಮ ನುಡಿಗಟ್ಟು ಹೊರಗೆ ಕಾಣದ ಅಪಾಯವನ್ನು ಸೂಚಿಸುತ್ತದೆ; ರಸಾಯನಶಾಸ್ತ್ರದ ದೃಷ್ಟಿಯಿಂದ ಅದು ಅಕ್ಷರಶಃ ಸತ್ಯ. ಹೊಗೆ ಕಣ್ಣುರಿಸಿ ಎಚ್ಚರಿಸುತ್ತದೆ, ಕೆಂಡ ಎಚ್ಚರಿಸುವುದಿಲ್ಲ. ತಲೆನೋವು, ತಲೆಸುತ್ತು, ಓಕರಿಕೆ ಕಾಣಿಸಿದರೆ ಅದನ್ನು ಬಾಣಂತಿಯ ದಣಿವೆಂದು ತಳ್ಳಿಹಾಕದೆ ತಾಯಿ ಮಗುವನ್ನು ಕೂಡಲೇ ಹೊರಗಿನ ಗಾಳಿಗೆ ಕರೆತಂದು ಆಸ್ಪತ್ರೆಗೆ ಕರೆದೊಯ್ಯಬೇಕು. ಕಿಟಕಿಯನ್ನು ಓರೆ ಮಾಡಿದ ಮಾತ್ರಕ್ಕೆ ಅಪಾಯ ತಪ್ಪಿತೆಂದು ನಂಬಲಾಗದು. ಮಲಗುವ ಕೋಣೆಯಲ್ಲಿ ಕೆಂಡವನ್ನು ಇಡದಿರುವುದೇ ಕ್ಷೇಮ. ಬೆಚ್ಚಗಿಡಲು ಉಣ್ಣೆಯ ಹೊದಿಕೆಯಿದೆ, ತಾಯಿಯ ಮಡಿಲಿದೆ. ಈ ಸಲ ಊರಿಗೆ ಹೋದಾಗ ನಮ್ಮ ವಿದ್ಯಾರ್ಥಿಗಳು ಈ ಲೆಕ್ಕವನ್ನು ಮನೆಯ ಹಿರಿಯರಿಗೆ ಅವರವರ ಮನೆಮಾತಿನಲ್ಲಿ ತಿಳಿಸಿ ಹೇಳಲಿ.