ಪುಸ್ತಕವು ಯಾರಿಗೆ? ವೆಬ್ ವಿದ್ಯೆಯ ಗ್ರಂಥಗಳನ್ನು ಆರಿಸುವ ಬಗೆ

ಕಲಿಯಹೊರಟವನಿಗೆ ಮೊದಲು ಬೇಕಾದುದು ಅವನ ಶಕ್ತಿಗೆ ತಕ್ಕ ಪುಸ್ತಕ. ಗ್ರಂಥವು ಉತ್ತಮವೆಂದು ಹತ್ತು ಜನ ಹೊಗಳಿದರೆ ಸಾಲದು. ಅದು ಓದುವವನಿಗೆ ಉತ್ತಮವಾಗಿರಬೇಕು. ಮಾತು ಹಳೆಯದೇ ಆದರೂ, ಈಚೆಗೆ ನಮ್ಮ ಮನೆಗಳನ್ನು ಪ್ರವೇಶಿಸುತ್ತಿರುವ ವೆಬ್ ಪ್ರೋಗ್ರಾಮಿಂಗ್ ಪುಸ್ತಕಗಳ ವಿಷಯದಲ್ಲಿ ಇದನ್ನು ಮತ್ತೆ ನೆನೆಯಬೇಕಾಗಿದೆ.

ಅರಕಲಗೂಡಿನ ಸೀಮೆಯಲ್ಲಿ ಹೊಗೆಸೊಪ್ಪು, ಆಲೂಗೆಡ್ಡೆ ಬೆಳೆಯುವ ಮನೆಗಳ ಮಕ್ಕಳೂ ಇಂದು ಈ ವಿದ್ಯೆಗೆ ಕೈಹಾಕುತ್ತಿದ್ದಾರೆ. ಹಾಸನಕ್ಕೋ ಮೈಸೂರಿಗೋ ಹೋದ ತಂದೆಯು ಹೆಸರನ್ನೂ ದಪ್ಪವನ್ನೂ ನೋಡಿ ನೂರಾರು ರೂಪಾಯಿ ತೆತ್ತು ಒಂದು ಪುಸ್ತಕವನ್ನು ತರುತ್ತಾನೆ. ಹುಡುಗಿಯು ಎರಡನೆಯ ಅಧ್ಯಾಯದಲ್ಲಿಯೇ ನಿಂತುಬಿಡುತ್ತಾಳೆ. ಆಗ ಪುಸ್ತಕವನ್ನು ಯಾರೂ ದೂರುವುದಿಲ್ಲ. ಈ ವಿದ್ಯೆ ತನ್ನ ತಲೆಗೆ ಹತ್ತುವುದಲ್ಲವೆಂದು ಅವಳೇ ನಂಬಿಬಿಡುತ್ತಾಳೆ. ಹೋದ ಹಣವನ್ನು ಮತ್ತೆ ಗಳಿಸಬಹುದು. ಎಳೆಯ ಮನಸ್ಸು ಕಳೆದುಕೊಂಡ ಧೈರ್ಯವನ್ನು ಮರಳಿ ತರುವುದು ಸುಲಭವಲ್ಲ.

ಇದೇ ತಾಲ್ಲೂಕಿನಲ್ಲಿ ಕಾವೇರಿಯ ದಡದ ರುದ್ರಪಟ್ಟಣವು ಸಂಗೀತಗಾರರ ತವರೆಂದು ಪ್ರಸಿದ್ಧವಾಗಿದೆ. ವಿದ್ವಾನ್ ಆರ್. ಕೆ. ಶ್ರೀಕಂಠನ್ (1920–2014) ಆ ಊರಿನವರೇ. ಸಂಗೀತದಲ್ಲಿ ಮಾಯಾಮಾಳವಗೌಳದ ಸರಳೆ ವರಸೆಯಿಂದ ತೊಡಗಿ ಜಂಟಿ ವರಸೆ, ಅಲಂಕಾರ, ಗೀತೆ, ವರ್ಣಗಳನ್ನು ದಾಟಿ ಕೃತಿಗೆ ಬರುವ ಕ್ರಮವುಂಟು. ಈ ಮೊದಲ ಪಾಠಗಳನ್ನು ಏರ್ಪಡಿಸಿದವರು ಪುರಂದರದಾಸರೆಂದು ಸಂಪ್ರದಾಯವು ಹೇಳುತ್ತದೆ. ಸರಳೆ ಹಾಡುವ ಮಗುವಿಗೆ ಯಾವ ಗುರುವೂ ಪಲ್ಲವಿಯನ್ನು ಹೇಳಿಕೊಡುವುದಿಲ್ಲ. ಪಲ್ಲವಿಯು ಕೆಟ್ಟದ್ದೆಂದಲ್ಲ, ಅದಕ್ಕೆ ಬೇಕಾದ ಪೂರ್ವಜ್ಞಾನವು ಮಗುವಿಗಿಲ್ಲವೆಂದು. ಪುಸ್ತಕವನ್ನು ಅಳೆಯುವ ಕೋಲೂ ಇದೇ: ಓದುಗನಿಗೆ ಈ ಮೊದಲೇ ಏನೇನು ಗೊತ್ತಿದೆಯೆಂದು ಗ್ರಂಥಕರ್ತನು ಭಾವಿಸಿದ್ದಾನೆ?

1989ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ವೆಬ್ಬಿನ ಯೋಜನೆಯನ್ನು ಮುಂದಿಟ್ಟರು. ವೆಬ್ ಪುಟದಲ್ಲಿ ಏನಿರಬೇಕೆಂಬುದನ್ನು ಎಚ್‌ಟಿಎಂಎಲ್, ಅದು ಹೇಗೆ ಕಾಣಬೇಕೆಂಬುದನ್ನು ಸಿಎಸ್‌ಎಸ್, ಮುಟ್ಟಿದರೆ ಹೇಗೆ ವರ್ತಿಸಬೇಕೆಂಬುದನ್ನು 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್ ಹೇಳುತ್ತವೆ. ಈ ಮೂರರ ಮೇಲೂ ಪುಸ್ತಕಗಳು ರಾಶಿರಾಶಿಯಾಗಿವೆ.

ಎರಡು ಪ್ರಸಿದ್ಧ ಗ್ರಂಥಗಳನ್ನು ಹೋಲಿಸಿ ನೋಡೋಣ. ಡಗ್ಲಾಸ್ ಕ್ರಾಕ್‌ಫರ್ಡರ ‘ಜಾವಾಸ್ಕ್ರಿಪ್ಟ್: ದಿ ಗುಡ್ ಪಾರ್ಟ್ಸ್’ 2008ರಲ್ಲಿ ಹೊರಬಂದಿತು. ಇನ್ನೂರು ಪುಟಗಳನ್ನೂ ಮುಟ್ಟದ ಈ ತೆಳ್ಳನೆಯ ಪುಸ್ತಕವು ಹೊಸಬರಿಗೆ ಹಗುರವಾದೀತೆಂದು ಯಾರಿಗಾದರೂ ತೋರುವುದು. ಆದರೆ ಇದು ಆರಂಭದವರಿಗಲ್ಲವೆಂದು ಕರ್ತೃವೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಎರಡನೆಯ ಅಧ್ಯಾಯದಲ್ಲಿಯೇ ಭಾಷೆಯ ವ್ಯಾಕರಣವು ರೈಲು ಹಳಿಗಳಂತೆ ಕವಲೊಡೆಯುವ ನಕ್ಷೆಗಳಲ್ಲಿ ಬರುತ್ತದೆ. ಜಾನ್ ಡಕೆಟ್ಟರ ‘ಎಚ್‌ಟಿಎಂಎಲ್ ಅಂಡ್ ಸಿಎಸ್‌ಎಸ್’ (2011) ಐನೂರು ಪುಟಗಳಿಗೆ ಸಮೀಪವಾದುದು. ಆದರೂ ಬಣ್ಣದ ಚಿತ್ರಗಳೊಡನೆ ಒಂದೊಂದೇ ಸಂಗತಿಯನ್ನು ಬಿಡಿಸಿ ಹೇಳುವುದರಿಂದ ಹೊಸಬನಿಗೆ ಒಪ್ಪುತ್ತದೆ. ಆದುದರಿಂದ ದಪ್ಪವನ್ನು ನೋಡಿ ಮೋಸಹೋಗತಕ್ಕದ್ದಲ್ಲ.

ಹಾಗಾದರೆ ಈ ವಿದ್ಯೆಯನ್ನು ತಾವೇ ಅರಿಯದ ತಾಯಿತಂದೆಗಳು ಪರೀಕ್ಷಿಸುವುದು ಹೇಗೆ? ಅಂಗಡಿಯಲ್ಲಿ ಕಾಲು ಗಂಟೆ ನಿಂತರೆ ಸಾಕು. ಮೊದಲು ಮುನ್ನುಡಿಯನ್ನು ಓದಿರಿ, ಇಲ್ಲವೆ ಮಗುವಿನಿಂದ ಓದಿಸಿರಿ; ಪ್ರಾಮಾಣಿಕನಾದ ಗ್ರಂಥಕರ್ತನು ತನ್ನ ಓದುಗನು ಯಾರೆಂಬುದನ್ನು ಅಲ್ಲಿ ಹೇಳಿರುತ್ತಾನೆ. ಎರಡನೆಯದಾಗಿ, ಮೊದಲ ಅಧ್ಯಾಯವನ್ನು ನೋಡಿರಿ. ಕಡತವನ್ನು ಬರೆದು ಉಳಿಸುವುದು, ಬ್ರೌಸರಿನಲ್ಲಿ ತೆರೆಯುವುದು ಇವುಗಳಿಂದ ತೊಡಗಿದ್ದರೆ ಅದು ಹೊಸಬರದು. ಇವೆಲ್ಲ ತಿಳಿದಿವೆಯೆಂದು ಹಾರಿಹೋಗಿದ್ದರೆ ಅನುಭವಸ್ಥರದು. ಮೂರನೆಯದಾಗಿ, ಐವತ್ತನೆಯ ಪುಟದಿಂದ ಒಂದು ಕಠಿಣ ಶಬ್ದವನ್ನು ಆರಿಸಿ, ಕೊನೆಯ ಅಕಾರಾದಿಯ ನೆರವಿನಿಂದ ಅದು ಮೊದಲು ಬಂದ ಎಡೆಯನ್ನು ಹುಡುಕಿರಿ. ಅಲ್ಲಿ ಅರ್ಥವನ್ನು ವಿವರಿಸಿದೆಯೆ? ನಾಲ್ಕನೆಯದಾಗಿ, ಉದಾಹರಣೆಗಳು ಹಾಗೆಯೇ ಬರೆದು ನಡೆಸಬಹುದಾದಷ್ಟು ಪೂರ್ಣವಾಗಿವೆಯೋ, ತುಣುಕುಗಳಾಗಿವೆಯೋ ನೋಡಿರಿ. ತುಣುಕನ್ನು ಎಲ್ಲಿ ಸೇರಿಸಬೇಕೆಂಬುದು ಹಳಬನಿಗಷ್ಟೇ ಗೊತ್ತು. ಐದನೆಯದಾಗಿ, ತಪ್ಪು ಬಂದಾಗ ಅದನ್ನು ಹುಡುಕುವ ಬಗೆಯನ್ನೂ, ಅಧ್ಯಾಯದ ಕೊನೆಗೆ ಅಭ್ಯಾಸಗಳನ್ನೂ ಕೊಟ್ಟಿದೆಯೆ? ಒಂದು ಅಲ್ಪವಿರಾಮ ಬಿಟ್ಟುಹೋದರೂ ಕೆಲಸ ನಿಲ್ಲುವ ಈ ವಿದ್ಯೆಯಲ್ಲಿ, ತಪ್ಪು ಸಹಜವೆಂದು ಹೇಳುವ ಪುಸ್ತಕವು ಹೊಸಬನಿಗೆ ಗುರುವಿದ್ದಂತೆ.

ಮುದ್ರಣದ ವರ್ಷವನ್ನು ಮರೆಯಬಾರದು. 2015ರಲ್ಲಿ ಜಾವಾಸ್ಕ್ರಿಪ್ಟಿಗೆ ದೊಡ್ಡ ಪರಿಷ್ಕಾರವಾಯಿತು; 2017ರಲ್ಲಿ ಸಿಎಸ್‌ಎಸ್‌ನ ಗ್ರಿಡ್ ಎಂಬ ವಿನ್ಯಾಸಕ್ರಮವು ಮುಖ್ಯ ಬ್ರೌಸರುಗಳಿಗೆ ಬಂದಿತು. ಮೇಲೆ ಹೇಳಿದ ಎರಡು ಗ್ರಂಥಗಳೂ ಇವಕ್ಕಿಂತ ಹಿಂದಿನವು. ಹಳಬನು ಹಳೆಯ ಪುಸ್ತಕದಲ್ಲಿ ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸಿಕೊಳ್ಳುವನು. ಹೊಸಬನಿಗೆ ಅದು ಅಸಾಧ್ಯ. ಆದುದರಿಂದ ಹೊಸ ಪುಸ್ತಕದ ಅಗತ್ಯವು ಹೊಸಬನಿಗೇ ಹೆಚ್ಚು.

ಪಳಗಿದವನಿಗೆ ಬೇಕಾದುದು ಬೇರೆ ತೆರನಾದುದು. ಸಂಕ್ಷೇಪ, ಕಾರಣವಿವರಣೆ, ಬೇಕಾದುದನ್ನು ಒಡನೆ ಹುಡುಕಲು ಒಳ್ಳೆಯ ಅಕಾರಾದಿ ಇವು ಅವನಿಗೆ ಮುಖ್ಯ. ಡೇವಿಡ್ ಫ್ಲಾನಗನ್ನರ ‘ಜಾವಾಸ್ಕ್ರಿಪ್ಟ್: ದಿ ಡೆಫಿನಿಟಿವ್ ಗೈಡ್’ 1996ರಲ್ಲಿ ಮೊದಲು ಬಂದು, 2020ರಲ್ಲಿ ಏಳನೆಯ ಆವೃತ್ತಿಯನ್ನು ಕಂಡಿತು. ವೃತ್ತಿಯಲ್ಲಿರುವವನಿಗೆ ಇಂಥದು ಮೇಜಿನ ಮೇಲಿರತಕ್ಕ ನಿಘಂಟು. ಅವನ ಕೈಗೆ ಬಾಲಬೋಧೆಯನ್ನಿತ್ತರೆ ಬೇಸರವಷ್ಟೇ ಫಲ.

ಇನ್ನೊಂದು ಮಾತು. ಈ ಪುಸ್ತಕಗಳು ಬಹುಮಟ್ಟಿಗೆ ಇಂಗ್ಲಿಷಿನವು. ಕನ್ನಡದಲ್ಲಿ ಓದಿ ಬಂದ ಮಗು ತಡವರಿಸಿದಾಗ, ತೊಡಕು ವಿಷಯದ್ದೋ ಭಾಷೆಯದ್ದೋ ಎಂಬುದನ್ನು ಮೊದಲು ತಿಳಿಯಬೇಕು. ಒಂದು ಪುಟವನ್ನು ಓದಿಸಿ, ಅದರ ಸಾರವನ್ನು ಕನ್ನಡದಲ್ಲಿ ಹೇಳೆನ್ನಿರಿ. ಅರ್ಧದಷ್ಟನ್ನಾದರೂ ಹೇಳಬಲ್ಲದಾದರೆ ಆ ಪುಸ್ತಕವನ್ನು ಧೈರ್ಯವಾಗಿ ಕೊಳ್ಳಿರಿ. ಹೇಳಲಾರದಿದ್ದರೆ ಅದನ್ನು ಅಲ್ಲಿಯೇ ಇಟ್ಟು ಇನ್ನೂ ಸರಳವಾದುದನ್ನು ಕೇಳಿರಿ. ಆ ಪುಸ್ತಕವು ಎಲ್ಲಿಯೂ ಹೋಗುವುದಿಲ್ಲ. ಒಂದೆರಡು ವರ್ಷ ಕಳೆದ ಮೇಲೆ ಮಗುವೇ ಅದನ್ನು ಹುಡುಕಿಕೊಂಡು ಬಂದೀತು.