ಸೈನಿಕ ಶಿಕ್ಷಣವೂ ಕಸಬಿನ ಬದಲಾವಣೆಯೂ

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆ ನಮ್ಮಲ್ಲಿ ಬಹು ಕಾಲದಿಂದ ಬಳಕೆಯಲ್ಲಿದೆ. ಕೈಹಿಡಿದ ಕೆಲಸವನ್ನು ಮಾಡಲಾರದೆ ಬೇರೆ ಕೆಲಸವನ್ನು ಬೇಡುವವನನ್ನು ನಾವು ಈ ಗಾದೆಯಿಂದಲೇ ಸುಮ್ಮನಾಗಿಸುವುದುಂಟು. ಆದರೆ ಕೆಲವು ಸಂದರ್ಭಗಳಲ್ಲಿ ನೆಲವು ನಿಜವಾಗಿಯೂ ಡೊಂಕಾಗಿರಬಹುದಲ್ಲವೆ? ಸೈನ್ಯಕ್ಕೆ ಸೇರಿ, ಶಿಕ್ಷಣದ ನಡುವೆ ತೊಡಕಿಗೆ ಸಿಕ್ಕಿ, ತನಗೆ ಕೊಟ್ಟ ಕಸಬನ್ನು ಬದಲಾಯಿಸಬೇಕೆಂದು ಬಯಸುವ ತರುಣನ ವಿಷಯದಲ್ಲಿ ಈ ಪ್ರಶ್ನೆಯನ್ನು ನಿದಾನವಾಗಿ ವಿಚಾರಮಾಡುವುದು ಯುಕ್ತವೆಂದು ನಮಗೆ ತೋರುತ್ತದೆ.

ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯನ್ನು ನೆನೆದುಕೊಳ್ಳೋಣ. ಮಳೆ, ಕಾಡು, ಕಾಫಿ, ಏಲಕ್ಕಿಗಳ ಸೀಮೆ ಅದು. ಅಲ್ಲಿಯ ಏರುತಗ್ಗುಗಳಲ್ಲಿ ನಡೆದು ಬೆಳೆದ ಹುಡುಗನಿಗೆ ಸೈನ್ಯದ ಆಯ್ಕೆಯಲ್ಲಿ ಓಡಿಸುವ 1.6 ಕಿಲೋಮೀಟರು ಅಷ್ಟೇನೂ ದೊಡ್ಡದಲ್ಲ. ಹೀಗೆ ಆಯ್ಕೆಯಾದವನೊಬ್ಬನು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರಕ್ಕೋ, ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರಕ್ಕೋ ಹೋದನೆನ್ನೋಣ. ಎರಡು ತಿಂಗಳಾದಮೇಲೆ, “ಈ ಕೆಲಸ ನನ್ನಿಂದಾಗದು” ಎಂದು ಮನೆಗೆ ತಿಳಿಸುತ್ತಾನೆ. ಊರೆಲ್ಲ ಹಾರ ಹಾಕಿ ಕಳುಹಿಸಿದ ಹುಡುಗ. ಹಿರಿಯರಿಗೆ ದುಃಖಕ್ಕಿಂತ ಮೊದಲು ಅವಮಾನವೇ ತೋರುತ್ತದೆ. ಇಲ್ಲಿಂದ ಮುಂದೆ ಅವರು ಏನು ತಿಳಿದಿರಬೇಕು?

ಮೊದಲನೆಯದಾಗಿ, ಸೈನ್ಯವೆಂದರೆ ಬಂದೂಕು ಹಿಡಿಯುವ ಒಂದೇ ಕೆಲಸವಲ್ಲ. ಸೇತುವೆ ಕಟ್ಟುವವರು, ತಂತಿ ಮತ್ತು ನಿಸ್ತಂತು ಯಂತ್ರಗಳನ್ನು ನಡೆಸುವವರು, ಲೆಕ್ಕ ಬರೆಯುವವರು, ಉಗ್ರಾಣ ಕಾಯುವವರು, ಅಡಿಗೆಯವರು, ವಾಹನ ಚಾಲಕರು, ಇವರೆಲ್ಲ ಸೈನಿಕರೇ. 2022ನೆಯ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಭೂಸೇನೆಗೆ ಸೇರುವವರನ್ನು ಸಾಮಾನ್ಯ ಕರ್ತವ್ಯ, ತಾಂತ್ರಿಕ, ಗುಮಾಸ್ತೆ ಹಾಗೂ ಉಗ್ರಾಣ, ಕಸಬುದಾರ ಎಂಬ ವರ್ಗಗಳಾಗಿ ವಿಂಗಡಿಸಲಾಗಿದೆ. ಸಾಮಾನ್ಯ ಕರ್ತವ್ಯಕ್ಕೆ ಹತ್ತನೆಯ ತರಗತಿ ಸಾಕು. ತಾಂತ್ರಿಕ ವರ್ಗಕ್ಕೆ ವಿಜ್ಞಾನದ ಹನ್ನೆರಡನೆಯ ತರಗತಿಯಾಗಲಿ, ಹತ್ತನೆಯ ತರಗತಿಯೊಡನೆ ಕೈಗಾರಿಕಾ ಶಿಕ್ಷಣವಾಗಲಿ ಬೇಕು. ಗುಮಾಸ್ತೆಯಾಗಲು ಹನ್ನೆರಡನೆಯ ತರಗತಿಯಲ್ಲಿ ನೂರಕ್ಕೆ ಅರವತ್ತು ಅಂಕಗಳು ಬೇಕು. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಯಾವ ಕಸಬಿಗೆ ಹೋಗಬೇಕೆನ್ನುತ್ತಾನೋ ಆ ಕಸಬಿಗೆ ವಿಧಿಸಿದ ವಿದ್ಯಾರ್ಹತೆ ಇಲ್ಲದವನ ಬೇಡಿಕೆಯು ಎಷ್ಟು ನ್ಯಾಯವಾಗಿ ಕಂಡರೂ ಈಡೇರುವುದು ಕಷ್ಟ.

ಎರಡನೆಯದಾಗಿ, ತೊಡಕು ಎಲ್ಲಿದೆಯೆಂಬುದನ್ನು ಗುರುತಿಸಬೇಕು. ತೊಡಕುಗಳು ಮೂರು ಬಗೆ. ದೇಹದ ತೊಡಕು ಒಂದು. ಇದು ಗಾಯ, ಜ್ವರ, ಅಭ್ಯಾಸದ ಕೊರತೆಗಳಿಂದ ಬಂದುದಾದರೆ ಕಾಲವೇ ಅದಕ್ಕೆ ಮದ್ದು. ಭಾಷೆಯ ತೊಡಕು ಎರಡನೆಯದು. ಪ್ರವೇಶ ಪರೀಕ್ಷೆಯನ್ನು ಈಗ ಕನ್ನಡದಲ್ಲಿಯೂ ಬರೆಯಬಹುದು; ಆದರೆ ಕವಾಯತಿನ ಆಜ್ಞೆಗಳು ಹಿಂದಿಯಲ್ಲಿವೆ, ಯಂತ್ರಗಳ ಪಾಠದಲ್ಲಿ ಇಂಗ್ಲಿಷ್ ಪದಗಳು ತುಂಬಿರುತ್ತವೆ. ಪಾಠದ ಮಾತು ತಿಳಿಯದವನು ಪಾಠವೇ ತಿಳಿಯದವನೆಂದು ಎಣಿಕೆಯಾಗುತ್ತಾನೆ. ಮೂರನೆಯದು ಸಹಜ ಸಾಮರ್ಥ್ಯಕ್ಕೂ ಕೆಲಸಕ್ಕೂ ಹೊಂದಿಕೆಯಿಲ್ಲದಿರುವುದು. ಮೊದಲ ಎರಡಕ್ಕೆ ಕಸಬಿನ ಬದಲಾವಣೆಯು ಔಷಧವಲ್ಲ, ಏಕೆಂದರೆ ಅವು ಹೊಸ ಕಸಬಿಗೂ ಹಿಂಬಾಲಿಸಿ ಬರುತ್ತವೆ. ಮೂರನೆಯದಕ್ಕೆ ಮಾತ್ರ ಬದಲಾವಣೆಯು ಯೋಗ್ಯವಾದ ಚಿಕಿತ್ಸೆ.

ಈ ವ್ಯತ್ಯಾಸವನ್ನು ಸೈನ್ಯಗಳು ತಾವೇ ಕಷ್ಟಪಟ್ಟು ಕಲಿತವು. 1917ರಲ್ಲಿ ಅಮೆರಿಕದ ಸೈನ್ಯವು ತನ್ನ ಭರ್ತಿಯವರ ಬುದ್ಧಿಯನ್ನು ಅಳೆಯಲು ಹೊರಟಾಗ, ಓದು ಬಲ್ಲವರಿಗೆ ಆಲ್ಫಾ ಎಂಬ ಪರೀಕ್ಷೆಯನ್ನೂ, ಅಕ್ಷರವನ್ನಾಗಲಿ ಇಂಗ್ಲಿಷನ್ನಾಗಲಿ ಅರಿಯದವರಿಗೆ ಚಿತ್ರಗಳ ಬೀಟಾ ಎಂಬ ಪರೀಕ್ಷೆಯನ್ನೂ ಏರ್ಪಡಿಸಬೇಕಾಯಿತು. 1942ರಲ್ಲಿ ಬ್ರಿಟನ್ನಿನ ಸೈನ್ಯವು ಹೊಸಬರೆಲ್ಲರನ್ನೂ ಮೊದಲು ಒಂದೇ ಸಾಮಾನ್ಯ ದಳಕ್ಕೆ ಸೇರಿಸಿಕೊಂಡು, ಆರು ವಾರಗಳ ಶಿಕ್ಷಣದಲ್ಲಿ ಪರೀಕ್ಷಿಸಿ, ಆಮೇಲೆ ಕಸಬನ್ನು ಗೊತ್ತುಮಾಡುವ ಕ್ರಮಕ್ಕೆ ಬಂತು. ಮೊದಲು ಕಸಬನ್ನು ಕೊಟ್ಟು ಬಳಿಕ ಅಳುವುದಕ್ಕಿಂತ ಇದು ಮೇಲಲ್ಲವೆ?

ನಮ್ಮ ದೇಶದ ನಿದರ್ಶನಗಳೂ ಉಂಟು. ಭಾರತೀಯ ವಾಯುಪಡೆಯು 1932ರ ಅಕ್ಟೋಬರ್ 8ರಂದು ಸ್ಥಾಪಿತವಾಯಿತು. ಅದಕ್ಕಾಗಿ ಇಂಗ್ಲೆಂಡಿನ ಕ್ರ್ಯಾನ್‌ವೆಲ್ಲಿನಲ್ಲಿ ಆರು ಮಂದಿ ಭಾರತೀಯ ತರುಣರು ಶಿಕ್ಷಣ ಪಡೆದರು. ಅವರಲ್ಲಿ ಐವರು ವಿಮಾನ ಚಾಲಕರಾದರು. ಆರನೆಯವರಾದ ಜೆ. ಎನ್. ಟಂಡನ್ನರು ಎತ್ತರ ಸಾಲದೆ ಚಾಲಕರಾಗಲಿಲ್ಲ. ಆದರೆ ಮನೆಗೆ ಹಿಂದಿರುಗಲೂ ಇಲ್ಲ. ಸರಂಜಾಮಿನ ವಿಭಾಗದ ಅಧಿಕಾರಿಯಾಗಿ ಅದೇ ವಾಯುಪಡೆಯಲ್ಲಿ ನಿಂತರು. ಸಾಮಾನು ಸಕಾಲಕ್ಕೆ ಒದಗದೆ ವಿಮಾನವು ಹಾರುವುದೆಂತು? ಹೆತ್ತೂರಿನ ನೆರೆಯ ಕೊಡಗಿನ ಕಾರ್ಯಪ್ಪನವರು ಸಹ 1919ರಲ್ಲಿ ಕರ್ನಾಟಿಕ್ ಪದಾತಿ ದಳದಲ್ಲಿ ಆರಂಭಿಸಿ, ನೇಪಿಯರ್ ರೈಫಲ್ಸಿಗೂ, ಅಲ್ಲಿಂದ ಅಶ್ವದಳವೊಂದಕ್ಕೂ ಹೋಗಿ, 1923ರಲ್ಲಿ ರಜಪೂತ ದಳದಲ್ಲಿ ನೆಲೆಗೊಂಡರು. ಅವರದು ಸೋಲಿನ ಕಥೆಯಲ್ಲ. ಆದರೆ ಮೊದಲು ನಿಂತ ಸಾಲಿನಲ್ಲಿಯೇ ಕಡೆಯವರೆಗೂ ನಿಲ್ಲಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಸಾಕ್ಷಿ. 1949ರ ಜನವರಿ 15ರಂದು ಅವರೇ ಭಾರತದ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು.

ಇನ್ನು ಕ್ರಮದ ವಿಷಯ. ಪರೀಕ್ಷೆಯೊಂದರಲ್ಲಿ ತಪ್ಪಿದವನನ್ನು ಒಡನೆಯೇ ಹೊರಗೆ ಹಾಕುವುದಿಲ್ಲ. ಮರುಪರೀಕ್ಷೆಯುಂಟು, ಅದರಲ್ಲಿಯೂ ತಪ್ಪಿದರೆ ಹಿಂದಿನ ತಂಡಕ್ಕೆ ಇಳಿಸಿ ಅದೇ ಪಾಠವನ್ನು ಮತ್ತೆ ಕಲಿಸುವುದುಂಟು. ಇದನ್ನು ದಂಡನೆಯೆಂದು ತಿಳಿಯಬಾರದು. ಇದು ಎರಡನೆಯ ಅವಕಾಶ. ಕಸಬಿನ ಬದಲಾವಣೆಯು ಹಕ್ಕಲ್ಲ. ಅಗ್ನಿವೀರನನ್ನು ಯಾವ ದಳಕ್ಕಾದರೂ ನೇಮಿಸಬಹುದು, ಸಂಸ್ಥೆಯ ಹಿತಕ್ಕಾಗಿ ಮುಂದೆ ವರ್ಗಾಯಿಸಲೂಬಹುದು ಎಂಬುದೇ ನಿಬಂಧನೆ. ಆದಕಾರಣ “ನನಗೆ ಇದು ಬೇಡ” ಎಂಬ ಮಾತಿಗಿಂತ “ಈ ಕೆಲಸದಲ್ಲಿ ನಾನು ಹೆಚ್ಚು ಉಪಯೋಗಕ್ಕೆ ಬರುವೆನು, ಇದಕ್ಕೆ ಬೇಕಾದ ಅರ್ಹತೆ ನನಗಿದೆ” ಎಂಬ ಮಾತಿಗೆ ಬೆಲೆ ಹೆಚ್ಚು. ಇದನ್ನು ಮೊದಲು ತನ್ನ ಹವಲ್ದಾರನಿಗೆ, ಆತನ ಮೂಲಕ ಸುಬೇದಾರನಿಗೆ, ಅನಂತರ ಕಂಪೆನಿಯ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸುವುದು ಮರ್ಯಾದೆಯ ದಾರಿ.

ತಡಮಾಡುವುದರಿಂದ ನಷ್ಟವಿದೆ. ಪ್ರಮಾಣ ಸ್ವೀಕಾರಕ್ಕೆ ಮುಂಚೆ, ದಕ್ಷ ಸೈನಿಕನಾಗುವ ಸಂಭವವಿಲ್ಲವೆಂದು ಕಂಡವನನ್ನು ಬಿಡುಗಡೆ ಮಾಡಲು 1954ರ ಸೇನಾ ನಿಯಮಗಳ 13ನೆಯ ನಿಯಮವು ಅವಕಾಶ ಕೊಡುತ್ತದೆ. ಸುಮ್ಮನೆ ಕುಳಿತವನ ವಿಷಯವನ್ನು ಇತರರು ತೀರ್ಮಾನಿಸುತ್ತಾರೆ. ತಾನಾಗಿ ಬಿಟ್ಟುಬರುವುದಕ್ಕೆ ವಿಶೇಷ ಸಂದರ್ಭಗಳಲ್ಲಲ್ಲದೆ ಅನುಮತಿಯಿಲ್ಲ. ಹಾಗೆ ಬಂದವನಿಗೆ ಸೇವಾನಿಧಿಯಲ್ಲಿ ತನ್ನ ಪಾಲು ಬಡ್ಡಿಯೊಡನೆ ಸಿಕ್ಕುವುದೇ ಹೊರತು ಸರ್ಕಾರದ ಪಾಲು ದೊರೆಯದು. ನಾಲ್ಕು ವರ್ಷಗಳಾದಮೇಲೆ ಪ್ರತಿ ತಂಡದಲ್ಲಿಯೂ ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಮಾತ್ರ ಮುಂದುವರಿಯಬಹುದಾದುದರಿಂದ, ಹೊಂದದ ಕಸಬಿನಲ್ಲಿ ಕಳೆದ ತಿಂಗಳುಗಳು ಲೆಕ್ಕಕ್ಕೆ ಬರುತ್ತವೆ.

ಎಲ್ಲಕ್ಕಿಂತ ಅಪಾಯಕರವಾದುದು ರಾತ್ರೋರಾತ್ರಿ ಬಸ್ಸು ಹತ್ತಿ ಊರಿಗೆ ಬರುವುದು. 1950ರ ಸೇನಾ ಕಾನೂನಿನ 38ನೆಯ ಪ್ರಕರಣವು ಪಲಾಯನವನ್ನೂ, 39ನೆಯದು ಅನುಮತಿಯಿಲ್ಲದ ಗೈರುಹಾಜರಿಯನ್ನೂ ಅಪರಾಧವೆಂದು ಎಣಿಸುತ್ತವೆ. ಕಸಬು ಹೊಂದದಿರುವುದು ಅಪರಾಧವಲ್ಲ; ಓಡಿಬರುವುದು ಅಪರಾಧ. ಹುಡುಗನು ಓಡಿಬರುವಂತೆ ಮಾಡುವುದು ಬಹುಮಟ್ಟಿಗೆ ಕೆಲಸದ ಕಷ್ಟವಲ್ಲ, ಹೇಳಿಕೊಳ್ಳಲು ಯಾರೂ ಇಲ್ಲವೆಂಬ ಭಾವನೆ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ದೂರವಾಣಿಯಲ್ಲಿ ಮಗನ ಧ್ವನಿ ಕುಗ್ಗಿದ್ದರೆ “ಊರಿನ ಮಾನ ಕಳೆಯಬೇಡ” ಎನ್ನುವುದಕ್ಕೆ ಮುಂಚೆ, “ಯಾವ ಪಾಠ ತಿಳಿಯುತ್ತಿಲ್ಲ? ಯಾರಿಗೆ ಹೇಳಿದ್ದೀಯೆ?” ಎಂದು ಕೇಳಿರಿ. ಇನ್ನೂ ಹೋಗದಿರುವವರ ಮನೆಯಲ್ಲಿ, ಅರ್ಜಿ ತುಂಬುವ ದಿನವೇ ಕಸಬಿನ ವಿಚಾರ ನಡೆಯಲಿ. ಮಳೆಗಾಲದ ಬಿಡುವಿನಲ್ಲಿ ಹಿಂದಿಯ ನಾಲ್ಕು ಮಾತು ಕಲಿಯಲಿ. ನೆಲ ಡೊಂಕೋ ಕಾಲು ಡೊಂಕೋ ಎಂಬುದನ್ನು ನೋಡಿ ಹೇಳಬೇಕೇ ಹೊರತು ಗಾದೆಯಿಂದ ತೀರ್ಮಾನಿಸಲಾಗದು.